ಟುಪೊಲೆವ್‌ಗೆ ಜೋಡಿ ಪ್ರೊಪೆಲ್ಲರ್ ಯಾಕೆ? ಮೂಗು ತಿರುಗಿಸುವುದು ಟಾರ್ಕ್ ಅಲ್ಲ

ಪ್ರಶ್ನೆ: ಕಾರವಾರದ ಟಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ, ನೌಕಾಪಡೆಯ ಹಳೆಯ ಟುಪೊಲೆವ್-142 ವಿಮಾನದ ಒಂದೊಂದು ಎಂಜಿನ್ನಿಗೂ ಎರಡೆರಡು ಪ್ರೊಪೆಲ್ಲರ್ ಇವೆ. ಟಾರ್ಕಿನಿಂದ (ಎಂಜಿನ್ನಿನ ತಿರುಚು ಬಲದಿಂದ) ವಿಮಾನದ ಮೂಗು ಒಂದು ಕಡೆ ಎಳೆಯಬಾರದು ಅಂತಲೇ?

ಪ್ರಶ್ನೆಯ ಮೊದಲರ್ಧ ಒಳ್ಳೆಯದು. ಎರಡನೆಯ ಅರ್ಧದಲ್ಲಿರುವ ತಪ್ಪು ಎಷ್ಟು ಸಲ ಕಿತ್ತರೂ ಮತ್ತೆ ಚಿಗುರುತ್ತದೆ. ಹಾಗಾಗಿ ಮೊದಲು ಅದನ್ನೇ ಬೇರುಸಹಿತ ತೆಗೆಯೋಣ.

ಎಂಜಿನ್ ಪ್ರೊಪೆಲ್ಲರನ್ನು ಯಾವ ಕಡೆ ತಿರುಗಿಸುತ್ತದೋ, ವಿಮಾನದ ಮೈ ಅದರ ವಿರುದ್ಧ ದಿಕ್ಕಿಗೆ ಅಷ್ಟೇ ಜೋರಾಗಿ ತಿರುಚಿಕೊಳ್ಳುತ್ತದೆ. ನ್ಯೂಟನ್ನನ ಮೂರನೇ ನಿಯಮ, ತಕರಾರಿಲ್ಲ. ಆದರೆ ಯಾವ ಅಕ್ಷದ ಸುತ್ತ? ಪ್ರೊಪೆಲ್ಲರ್ ಶಾಫ್ಟ್ ಮೂಗಿನಿಂದ ಬಾಲದ ಕಡೆಗೆ ಮಲಗಿದೆ. ಅದರ ಸುತ್ತಲಿನ ತಿರುಚು ಒಂದು ರೆಕ್ಕೆಯನ್ನು ತಗ್ಗಿಸಿ ಇನ್ನೊಂದನ್ನು ಎತ್ತಬಲ್ಲದು, ಅಷ್ಟೇ. ಮೂಗು ಎಡಕ್ಕೋ ಬಲಕ್ಕೋ ಹೊರಳಬೇಕಾದರೆ ನೆಟ್ಟಗೆ ನಿಂತ ಅಕ್ಷದ ಸುತ್ತ ಬಲ ಬೀಳಬೇಕು.

ಲೆಕ್ಕ ಹಾಕಿ ನೋಡಿ. ಸೆಸ್ನಾ 172 ಎಂಬ ಒಂದೇ ಎಂಜಿನ್ನಿನ ಪುಟ್ಟ ವಿಮಾನದ ಎಂಜಿನ್ 180 ಅಶ್ವಶಕ್ತಿಯದು, ನಿಮಿಷಕ್ಕೆ 2,700 ಸುತ್ತು ಎಂದಿಟ್ಟುಕೊಂಡರೆ ಟಾರ್ಕ್ ಸುಮಾರು 475 ನ್ಯೂಟನ್-ಮೀಟರ್. ಹಿಂದಿನ ಎರಡು ಚಕ್ರಗಳ ನಡುವೆ ಸುಮಾರು ಎರಡೂವರೆ ಮೀಟರ್. ಅಂದರೆ ರನ್‌ವೇಯಲ್ಲಿ ಎಡ ಟೈರಿನ ಮೇಲೆ 19 ಕಿಲೋ ಭಾರ ಹೆಚ್ಚುತ್ತದೆ, ಬಲ ಟೈರಿನಿಂದ ಅಷ್ಟೇ ಇಳಿಯುತ್ತದೆ. ಡಾಂಬರಿನ ಮೇಲೆ ಉರುಳುವ ಟೈರಿಗೆ ಇದರಿಂದ ಆಗುವ ಎಳೆತದ ವ್ಯತ್ಯಾಸ ಹೆಚ್ಚೆಂದರೆ ಒಂದು ಕಿಲೋ ಆಸುಪಾಸು. ಮೂಗು ಎಡಕ್ಕೆ ಹೋಗದಂತೆ ಪೈಲಟ್ ಬಲ ರಡ್ಡರ್ (ಬಾಲದ ನಿಂತ ರೆಕ್ಕೆಯ ಹಿಂದಿನ ತಿರುಗುವ ಹಲಗೆ) ಪೆಡಲ್ ಒತ್ತಿ ಹಿಡಿಯುವುದು ಇಷ್ಟಕ್ಕಾಗಿ ಅಲ್ಲ.

ನಿಜವಾದ ಕಾರಣ ಗಾಳಿ. ಕಾಕ್‌ಪಿಟ್‌ನಿಂದ ನೋಡಿದಾಗ ಬಲಸುತ್ತು ತಿರುಗುವ ಪ್ರೊಪೆಲ್ಲರ್ ಗಾಳಿಯನ್ನು ಬರೀ ಹಿಂದಕ್ಕೆ ತಳ್ಳುವುದಿಲ್ಲ, ಸುರುಳಿ ಸುತ್ತಿಸಿ ಕಳಿಸುತ್ತದೆ. ಆ ಸುರುಳಿ ಬಾಲದ ನಿಂತ ರೆಕ್ಕೆಗೆ ಎಡಗಡೆಯಿಂದ ಬಡಿಯುತ್ತದೆ. ಬಾಲ ಬಲಕ್ಕೆ, ಮೂಗು ಎಡಕ್ಕೆ. ಬೈತಖೋಲ ಬಂದರಿನಲ್ಲಿ ಬೋಟು ರಿವರ್ಸ್ ಹಾಕಿದಾಗ ಹಿಂಭಾಗ ಒಂದೇ ಮಗ್ಗುಲಿಗೆ ಸರಿಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿಯೂ ಫ್ಯಾನಿನ ನೀರು ಬೋಟಿನ ಒಡಲಿನ ಒಂದು ಪಕ್ಕಕ್ಕೆ ಬಡಿಯುತ್ತದೆ. ಮೂಗೆತ್ತಿ ಏರುವಾಗ ಇನ್ನೊಂದು ಕಾರಣ ಸೇರುತ್ತದೆ: ಕೆಳಗಿಳಿಯುವ ಬಲಗಡೆಯ ಬ್ಲೇಡ್ ಗಾಳಿಯನ್ನು ಹೆಚ್ಚು ಕೋನದಲ್ಲಿ ಕಚ್ಚಿ ಹೆಚ್ಚು ಎಳೆಯುತ್ತದೆ.

ಸಾಕ್ಷಿ ಬೇಕೇ? ಥ್ರಾಟಲ್ ಪೂರ್ತಿ ಇದ್ದಂತೆಯೇ ವೇಗ ಏರಿದ ಹಾಗೆ ಬೇಕಾಗುವ ರಡ್ಡರ್ ಕಡಿಮೆಯಾಗುತ್ತದೆ. ಟಾರ್ಕ್ ಇಳಿದಿಲ್ಲ. ಸುರುಳಿ ಉದ್ದಕ್ಕೆ ಎಳೆದುಕೊಂಡು ಬಾಲಕ್ಕೆ ಬಡಿಯುವ ಕೋನ ಸಣ್ಣದಾಗಿದೆ, ರಡ್ಡರಿಗೂ ಕಸುವು ಬಂದಿದೆ.

ಈಗ ಟುಪೊಲೆವ್. ಅದರ ಎನ್‌ಕೆ-12 ಎಂಜಿನ್ ಒಂದೊಂದೂ ಸುಮಾರು 15,000 ಅಶ್ವಶಕ್ತಿಯದು. ಇಷ್ಟು ಶಕ್ತಿಯನ್ನು ಒಂದೇ ಪ್ರೊಪೆಲ್ಲರ್ ಉಣ್ಣಬೇಕಾದರೆ ವ್ಯಾಸ ಬೆಳೆಸಬೇಕು, ಆಗ ತುದಿಗಳು ಶಬ್ದದ ವೇಗ ದಾಟಿ ಶಕ್ತಿ ಪೋಲಾಗುತ್ತದೆ. ಅದಕ್ಕೇ 5.6 ಮೀಟರ್ ವ್ಯಾಸದ, ನಾಲ್ಕು ನಾಲ್ಕು ಬ್ಲೇಡಿನ ಎರಡು ಸಾಲು. ಸುತ್ತು ನಿಮಿಷಕ್ಕೆ ಸುಮಾರು 750 ಮಾತ್ರ. ಮುಂದಿನದು ಬಿಟ್ಟ ಸುರುಳಿಯನ್ನು ವಿರುದ್ಧ ತಿರುಗುವ ಹಿಂದಿನದು ನೇರ ಮಾಡಿ, ವ್ಯರ್ಥವಾಗುತ್ತಿದ್ದ ಶಕ್ತಿಯನ್ನೂ ತಳ್ಳುಬಲವಾಗಿಸುತ್ತದೆ. ಒಂದೇ ಪ್ರೊಪೆಲ್ಲರ್ ಆಗಿದ್ದರೆ ರೆಕ್ಕೆಯ ಮೇಲೆ ಬೀಳಬಹುದಾಗಿದ್ದ ಸುಮಾರು 1.4 ಲಕ್ಷ ನ್ಯೂಟನ್-ಮೀಟರ್ ತಿರುಚು ಬಹುಪಾಲು ರದ್ದಾಗುವುದು ದೊಡ್ಡ ಲಾಭವೇ. ಆದರೆ ಟಾರ್ಕ್ ಒಂದೇ ಕಾರಣವಾಗಿದ್ದರೆ ನಮ್ಮ ವಾಯುಪಡೆಯ ಸಾಗಣೆ ವಿಮಾನ ಸಿ-130ಜೆಗೂ ಜೋಡಿ ಬೇಕಿತ್ತು. ಅದರ ನಾಲ್ಕೂ ಪ್ರೊಪೆಲ್ಲರ್ ಒಂಟಿ, ನಾಲ್ಕೂ ಒಂದೇ ದಿಕ್ಕಿಗೆ ತಿರುಗುತ್ತವೆ.

ಟಾರ್ಕ್ ನಿಜವಾಗಿ ಮೂಗು ತಿರುಗಿಸುವ ಯಂತ್ರವೂ ನೌಕಾಪಡೆಯಲ್ಲಿದೆ: ಕಾಮೊವ್-31 ಹೆಲಿಕಾಪ್ಟರ್. ಅಲ್ಲಿ ಶಾಫ್ಟ್ ನೆಟ್ಟಗೆ ನಿಂತಿದೆ. ಒಂದರ ಮೇಲೊಂದು, ಪರಸ್ಪರ ವಿರುದ್ಧ ತಿರುಗುವ ಎರಡು ರೋಟರ್. ಬಾಲದ ರೋಟರ್ ಇಲ್ಲ. ಪೆಡಲ್ ಒತ್ತಿದರೆ ಒಂದರ ಬ್ಲೇಡ್ ಕೋನ ಹೆಚ್ಚಿ ಇನ್ನೊಂದರದ್ದು ಇಳಿಯುತ್ತದೆ. ಎತ್ತುವ ಬಲ ಬಹುಮಟ್ಟಿಗೆ ಹಾಗೇ ಉಳಿದು, ಟಾರ್ಕಿನ ಸಮತೋಲ ತಪ್ಪಿ ಮೂಗು ತಿರುಗುತ್ತದೆ. ಎಂಜಿನ್ ನಿಂತು ಗಾಳಿಯೇ ರೋಟರ್ ತಿರುಗಿಸುವಾಗ ಈ ಉಪಾಯ ದುರ್ಬಲವಾಗುತ್ತದೆ. ಬಾಲದಲ್ಲಿ ಎರಡು ನಿಂತ ರೆಕ್ಕೆ, ಅವಕ್ಕೆ ರಡ್ಡರ್ ಇಟ್ಟಿರುವುದು ಆಗಲೂ ಕೆಲಸಕ್ಕೆ ಬರುತ್ತದೆ.