ಲೈಕಿನ ಕಾಸು, ಲೆಕ್ಕದ ಕಾಸು

ಜುಲೈ ತಿಂಗಳು, ರಿಟರ್ನ್ ಫೈಲ್ ಮಾಡುವ ಗಡಿಬಿಡಿ. ಕಾಲೇಜು ಮುಗಿಸಿದ ಹುಡುಗನೊಬ್ಬ ಬಂದು ಫೋನ್ ಮುಂದೆ ಹಿಡಿದ. "ಸರ್, ಬರೆದವರಿಗೆ ಕ್ರಿಪ್ಟೋ ನಾಣ್ಯ ಕೊಡುವ ಸೈಟಿನಲ್ಲಿ ಪೋಸ್ಟ್ ಬರೆದೇ ನಾನೂರು ಡಾಲರ್ ಆಗಿದೆ. ಟ್ಯಾಕ್ಸ್ ಎಷ್ಟು?"

ನಾಣ್ಯ ಇಡುವ ಅವನ ವ್ಯಾಲೆಟ್ ನೋಡಿದೆ. ಒಟ್ಟು ಮೊತ್ತದ ಕೆಳಗೆ ಮೂರು ಸಾಲು. ಈಗಲೇ ಮಾರಬಹುದಾದ ನಾಣ್ಯ ಚೂರುಪಾರು. ಡಾಲರಿಗೆ ಸಮ ಅನ್ನುವ ನಾಣ್ಯ ಇನ್ನೊಂದಿಷ್ಟು. ಮುಕ್ಕಾಲು ಪಾಲು ಕೂತಿರುವುದು 'ಪವರ್' ಅನ್ನುವ ಮೂರನೇ ಸಾಲಿನಲ್ಲಿ, ಅಂದರೆ ಬೀಗ ಹಾಕಿಟ್ಟ ನಾಣ್ಯವಾಗಿ. ಅದನ್ನು ಬಿಡಿಸಿಕೊಳ್ಳಲು 13 ವಾರ ಬೇಕು, ವಾರಕ್ಕೊಂದು ಕಂತು. ಅಷ್ಟರಲ್ಲಿ ಬೆಲೆ ಎಲ್ಲಿರುತ್ತೋ!

ಈ ಆಟ ಜೋರಾಗಿ ಶುರುವಾಗಿದ್ದು 2016ರಲ್ಲಿ, ಸ್ಟೀಮಿಟ್ ಅನ್ನುವ ಸೈಟಿನಿಂದ. ಬರೆದವರಿಗೂ ಕಾಸು, ಮೆಚ್ಚಿದವರಿಗೂ ಕಾಸು. ಆದರೆ ಅಲ್ಲಿ ಒಬ್ಬರಿಗೆ ಒಂದೇ ಓಟು ಅಲ್ಲ. ಪವರ್ ಜಾಸ್ತಿ ಇದ್ದವರ ಲೈಕಿಗೆ ತೂಕ ಜಾಸ್ತಿ. ಹಾಗಾಗಿ ಕಾಸು ಕೊಟ್ಟು ಓಟು ಹಾಕಿಸಿಕೊಳ್ಳುವ ಬಾಟ್‌ಗಳೂ (ತಾವಾಗಿ ಓಡುವ ಪ್ರೋಗ್ರಾಂಗಳು) ಹುಟ್ಟಿಕೊಂಡವು. 2018ರ ಜನವರಿಯಲ್ಲಿ ಸ್ಟೀಮ್ ನಾಣ್ಯ 8 ಡಾಲರ್ ಮುಟ್ಟಿತ್ತು. ವರ್ಷದ ಕೊನೆಗೆ ಅರ್ಧ ಡಾಲರಿಗಿಂತ ಕೆಳಗೆ. ನವೆಂಬರಿನಲ್ಲಿ ಕಂಪನಿ 70% ನೌಕರರನ್ನು ಮನೆಗೆ ಕಳಿಸಿತು.

2020ರಲ್ಲಿ ಟ್ರಾನ್ ಅನ್ನುವ ಇನ್ನೊಂದು ಕ್ರಿಪ್ಟೋ ಜಾಲದ ಸ್ಥಾಪಕ ಜಸ್ಟಿನ್ ಸನ್ ಸ್ಟೀಮಿಟ್ ಕಂಪನಿಯನ್ನು ಕೊಂಡರು. ನಾಣ್ಯ ವಿನಿಮಯ ಕೇಂದ್ರಗಳು ಗ್ರಾಹಕರು ಇಟ್ಟಿದ್ದ ನಾಣ್ಯಗಳನ್ನೇ ಬಳಸಿ, ಜಾಲ ನಡೆಸುವವರನ್ನು ಆರಿಸುವ ಓಟನ್ನು ಸನ್ ಪರ ಹಾಕಿದವು. ಸಿಟ್ಟಾದ ಬಳಕೆದಾರರು ಮಾರ್ಚ್ 20ರಂದು ಹೈವ್ ಅಂತ ಬೇರೆ ಸಂಸಾರ ಹೂಡಿದರು. ಹಳೆಯ ಪೋಸ್ಟು, ಖಾತೆ, ನಾಣ್ಯದ ಲೆಕ್ಕ ಎಲ್ಲ ಹೊತ್ತುಕೊಂಡೇ ಹೋದರು. ಕಂಪನಿಯ ಪಾಲಿನ ನಾಣ್ಯ ಕೈಬಿಟ್ಟರು. ಅಣ್ಣ ತಮ್ಮ ಪಾಲಾದ ಹಾಗೆಯೇ, ಅಲ್ವಾ?

ಆಮೇಲೂ ಬಂದವರು ಕಡಿಮೆಯಿಲ್ಲ. ಚರ್ಚೆಯ ಸೈಟ್ ರೆಡಿಟ್ 'ಮೂನ್ಸ್' ಅನ್ನುವ ನಾಣ್ಯ ಕೊಟ್ಟು ನೋಡಿತು. 2023ರಲ್ಲಿ ನಿಲ್ಲಿಸುತ್ತೇವೆ ಅಂದಿದ್ದೇ ತಡ, ಬೆಲೆ ಪಾತಾಳಕ್ಕೆ.

"ಯಾವುದು ಜಾಸ್ತಿ ಕೊಡುತ್ತೆ ಸರ್?" ಹುಡುಗನ ಮುಂದಿನ ಪ್ರಶ್ನೆ. ಯಾರ ದುಡ್ಡು ಕೊಡುತ್ತೆ ಅಂತ ನಾನು ತಿರುಗಿ ಕೇಳಿದೆ. ಯೂಟ್ಯೂಬ್ ಕೊಡುವ ಕಾಸಿನ ಹಿಂದೆ ಜಾಹೀರಾತು ಇದೆ. ಈ ನಾಣ್ಯದ ಸೈಟುಗಳಲ್ಲಿ ಬಹುಪಾಲು ದಿನದಿನ ಹೊಸದಾಗಿ ಹುಟ್ಟಿಸಿದ ನಾಣ್ಯ. ನಾಳೆ ಇನ್ಯಾರೋ ಕೊಂಡರಷ್ಟೇ ಅದಕ್ಕೆ ಬೆಲೆ. ಹಾಗಾಗಿ ಪೈಪೋಟಿ ಒಳ್ಳೆಯ ಬರಹಕ್ಕಲ್ಲ, ಹೊಸದಾಗಿ ನಾಣ್ಯ ಕೊಳ್ಳುವವರಿಗೆ ಅಂತಲೇ ನನ್ನ ಅನಿಸಿಕೆ.

ಟ್ಯಾಕ್ಸ್ ವಿಷಯಕ್ಕೆ ಬಂದರೆ, ನಾಣ್ಯ ಕೈಗೆ ಬಂದ ದಿನದ ರೂಪಾಯಿ ಬೆಲೆಯನ್ನೇ ನಾನು ಆದಾಯ ಅಂತ ತೋರಿಸುತ್ತೇನೆ. ಮಾರಿದಾಗ ಲಾಭ ಬಂದರೆ ಅದಕ್ಕೆ 30%, ಸೆಸ್ ಬೇರೆ. 2022ರ ಏಪ್ರಿಲ್‌ನಿಂದ ಈ ನಿಯಮ ಇದೆ. ನಷ್ಟವಾದರೆ? ಇನ್ನೊಂದು ನಾಣ್ಯದ ಲಾಭದಲ್ಲೂ ಅದನ್ನು ಕಳೆಯುವ ಹಾಗಿಲ್ಲ. ಹುಡುಗನ ಮುಖ ಸಪ್ಪೆಯಾಯಿತು.

ಸುಮ್ನೆ ಒಂದು ಎಕ್ಸೆಲ್ ಇಟ್ಟುಕೋ ಅಂದೆ. ತಾರೀಕು, ನಾಣ್ಯ ಎಷ್ಟು, ಅವತ್ತಿನ ಬೆಲೆ, ಬ್ಯಾಂಕಿಗೆ ಬಂದ ಹಣ. ಮೊನ್ನೆ ವಾಟ್ಸಾಪ್‌ನಲ್ಲಿ ಕಳಿಸಿದ್ದಾನೆ. ಮೂರು ಕಾಲಂ ಭರ್ತಿ, ಕೊನೆಯದು ಇನ್ನೂ ಖಾಲಿ.