ಹಳೆಯ ಲೆನ್ಸ್, ಹೊಸ ಕ್ಯಾಮೆರಾ, ಒಂದು ಮಿಲಿಮೀಟರ್

ತಂದೆಯವರ ಕಾಲದ ಫಿಲಂ ಕ್ಯಾಮೆರಾದ ಲೆನ್ಸನ್ನು ತಂದು, ಇದು ತಮ್ಮ ಡಿಜಿಟಲ್ ಕ್ಯಾಮೆರಾಕ್ಕೆ ಹೊಂದುವುದೇ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಒಂದು ಅಳತೆಯ ವಿಷಯ. ಲೆನ್ಸ್ ಕೂರುವ ಲೋಹದ ಉಂಗುರದಿಂದ ಸೆನ್ಸರ್‌ವರೆಗಿನ ಅಂತರ ಒಂದೊಂದು ಮೌಂಟಿಗೆ (ಲೆನ್ಸ್ ಜೋಡಿಸುವ ವ್ಯವಸ್ಥೆಗೆ) ಒಂದೊಂದು ತೆರನಾಗಿರುತ್ತದೆ. ನಿಕಾನ್ ಎಫ್ ಮೌಂಟಿನಲ್ಲಿ ಅದು 46.5 ಮಿ.ಮೀ., ತಿರುಪಿನಂತೆ ತಿರುಗಿಸಿ ಕೂರಿಸುವ ಎಂ42 ಲೆನ್ಸುಗಳಿಗೆ 45.46 ಮಿ.ಮೀ. ಸುಮಾರು ಒಂದು ಮಿಲಿಮೀಟರಿನ ಈ ವ್ಯತ್ಯಾಸದಿಂದಾಗಿ, ಎಂ42 ಲೆನ್ಸನ್ನು ಗಾಜಿಲ್ಲದ ಅಡಾಪ್ಟರ್ (ಎರಡನ್ನೂ ಬೆಸೆಯುವ ಉಂಗುರ) ಮೂಲಕ, ಒಳಗೆ ಕನ್ನಡಿಯಿರುವ ನಿಕಾನ್ ಡಿಎಸ್‌ಎಲ್‌ಆರ್‌ಗೆ ಕೂರಿಸಿದರೆ ಅದು ಸೆನ್ಸರಿನಿಂದ ಬೇಕಾದದ್ದಕ್ಕಿಂತ ದೂರ ಉಳಿದು, ಹತ್ತಿರದ ಹೂವು ಸ್ಫುಟವಾಗಿ ಮೂಡುತ್ತದೆ, ದೂರದ ಬೆಟ್ಟ ಮಾತ್ರ ಎಷ್ಟು ತಿರುಗಿಸಿದರೂ ಫೋಕಸ್ ಆಗುವುದಿಲ್ಲ. ಗಾಜಿರುವ ಅಡಾಪ್ಟರ್ ಈ ಕೊರತೆಯನ್ನು ನೀಗಿಸುತ್ತದೆಯಾದರೂ, ಅಗ್ಗದ ಗಾಜು ಒಳ್ಳೆಯ ಲೆನ್ಸಿನ ಗುಣವನ್ನೇ ಕೆಡಿಸುವುದರಿಂದ ಅದನ್ನು ಕೊಳ್ಳಿರೆಂದು ನಾನು ಹೇಳುವುದಿಲ್ಲ. ಕನ್ನಡಿಯಿಲ್ಲದ, ಅಂದರೆ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸೋನಿ ಇ ಮೌಂಟಿನ ಅಂತರ 18 ಮಿ.ಮೀ., ನಿಕಾನ್ ಝಡ್‌ನದು 16 ಮಿ.ಮೀ. ಮಾತ್ರ. ಆದ್ದರಿಂದ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಉಳಿದ ಅಂತರ ತುಂಬುವ ಬರಿಯ ಕೊಳವೆಯಂಥ ಅಡಾಪ್ಟರ್ ಸಾಕು.

ನಿಕಾನ್ ಬಳಸುವವರು ಇನ್ನೊಂದು ಎಚ್ಚರ ವಹಿಸಬೇಕು. 1977ರಲ್ಲಿ, ಲೆನ್ಸಿನ ಅಪರ್ಚರನ್ನು (ಬೆಳಕು ಒಳಬರುವ ಕಿಂಡಿಯ ಅಳತೆಯನ್ನು) ಕ್ಯಾಮೆರಾಕ್ಕೆ ತಿಳಿಸುವ ಎಐ ವ್ಯವಸ್ಥೆ ಬರುವುದಕ್ಕಿಂತ ಮುಂಚಿನ, ಮಾರ್ಪಾಡಾಗದ ಲೆನ್ಸನ್ನು ಹಲವು ಡಿಎಸ್‌ಎಲ್‌ಆರ್‌ಗಳಿಗೆ ಬಲವಂತವಾಗಿ ತಿರುಗಿಸಿದರೆ ಅಪರ್ಚರ್ ಗುರುತಿಸುವ ಪುಟ್ಟ ಕೊಂಡಿ ಮುರಿಯಬಹುದು.

ನಿಜವಾದ ಅಭ್ಯಾಸ ಬೇಕಾಗುವುದು ಫೋಕಸ್ ಮಾಡುವುದಕ್ಕೆ. ಫಿಲಂ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸನ್ನು ಎಫ್/1.4ಕ್ಕೆ, ಅಂದರೆ ಬಲು ಅಗಲವಾಗಿ, ತೆರೆದು ಒಂದು ಮೀಟರ್ ದೂರದ ಮುಖವನ್ನು ತೆಗೆಯುವಾಗ ಸ್ಪಷ್ಟವಾಗಿ ಕಾಣುವ ಆಳ ಸುಮಾರು 3 ಸೆಂಟಿಮೀಟರ್. ಕಣ್ಣಿಗೆ ಫೋಕಸ್ ಮಾಡಿ ಉಸಿರೆಳೆದು ತುಸು ಮುಂದಕ್ಕೆ ವಾಲಿದರೂ ಸಾಕು, ಫೋಕಸ್ ಕಿವಿಗೆ ಜಾರಿರುತ್ತದೆ. ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್ ಇಷ್ಟು ತೆಳುವಾದ ಆಳವನ್ನು ಯಥಾವತ್ತಾಗಿ ತೋರಿಸುವುದಿಲ್ಲವಾದ್ದರಿಂದ ಲೈವ್ ವ್ಯೂನಲ್ಲಿ (ಕ್ಯಾಮೆರಾದ ಹಿಂದಿನ ಪರದೆಯಲ್ಲಿ) ಚಿತ್ರವನ್ನು ಹಿಗ್ಗಿಸಿ ನೋಡುವುದೇ ಸರಿ. ಫೋಕಸ್ ಪೀಕಿಂಗ್‌ನ ಬಣ್ಣದ ಅಂಚುಗಳು (ಸ್ಫುಟವಾದ ಭಾಗಕ್ಕೆ ಕ್ಯಾಮೆರಾ ಹಚ್ಚುವ ಗುರುತು) ದಾರಿ ತೋರಿಸುತ್ತವೆ, ಕೊನೆಯ ನಿರ್ಧಾರವನ್ನು ಅವುಗಳಿಗೆ ಬಿಡಬಾರದು. ಕ್ಯಾಮೆರಾದೊಳಗೆ ಅಲುಗಾಟ ತಡೆಯುವ ಸೌಲಭ್ಯವಿದ್ದರೆ ಲೆನ್ಸಿನ ಮೇಲೆ ಬರೆದಿರುವ ಫೋಕಲ್ ಲೆಂಗ್ತನ್ನೇ (ಮಿ.ಮೀ. ಅಂಕಿಯನ್ನೇ) ಮೆನುವಿನಲ್ಲಿ ನಮೂದಿಸಬೇಕು. 135 ಎಂದಿದ್ದರೆ 135, ಚಿಕ್ಕ ಸೆನ್ಸರಿಗಾಗಿ ಗುಣಿಸುವ ಕ್ರಾಪ್ ಲೆಕ್ಕ ಸೇರಿಸಬಾರದು.

ಕೊಳ್ಳುವ ಮುನ್ನ ಅಪರ್ಚರನ್ನು ಪೂರ್ತಿ ತೆರೆದು, ಲೆನ್ಸಿನ ಹಿಂದಿನಿಂದ ಟಾರ್ಚ್ ಹಾಯಿಸಿ ನೋಡಿ. ಜೇಡರ ಬಲೆಯ ಎಳೆಗಳಂತೆ ಕಾಣುವುದು ಫಂಗಸ್. ಅದು ಗಾಜಿನ ಲೇಪನವನ್ನು ಕೊರೆದಿದ್ದರೆ ಒರೆಸಿದ ಮೇಲೂ ಕಲೆ ಉಳಿಯುತ್ತದೆ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಚರ್ಮದ ಚೀಲದಲ್ಲೇ ವರ್ಷಗಟ್ಟಲೆ ಉಳಿದ ಲೆನ್ಸುಗಳಲ್ಲಿ ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಲೆನ್ಸನ್ನು ಇಡಿ, ಜೆಲ್ ಬಣ್ಣ ಬದಲಾದಾಗ ಅದನ್ನು ಬಿಸಿ ಮಾಡಿ ಒಣಗಿಸಿ.