ಗುಡಿಯಲ್ಲಿ ಕಂಡದ್ದನ್ನು ಮೈಮೇಲೆ ಉಡುವುದು ಹೇಗೆ?

ಓದುಗರ ಪ್ರಶ್ನೆ: ಪ್ರವಾಸ ಹೋದಲ್ಲೆಲ್ಲ ಗುಡಿಯ ಕೆತ್ತನೆ, ಚಿತ್ರ, ಅಲ್ಲಿಯವರ ಉಡುಗೆ ನೋಡಿ ಮನಸೋಲುತ್ತೇನೆ. ಆಸೆಯಿಂದ ತಂದ ಬಟ್ಟೆ ಮನೆಗೆ ಬಂದ ಮೇಲೆ ಬೀರುವಿನಲ್ಲೇ ಉಳಿಯುತ್ತದೆ. ಕಂಡದ್ದನ್ನು ದಿನನಿತ್ಯದ ಉಡುಗೆಗೆ ಹೇಗೆ ತರಲಿ? ಹೊರಗಿನದನ್ನು ಹೀಗೆ ಬೆರೆಸಿದರೆ ನಮ್ಮ ಶುದ್ಧ ಸಾಂಪ್ರದಾಯಿಕ ಉಡುಗೆ ಕೆಡುವುದಿಲ್ಲವೇ?

ದಸರಾ ರಜೆ ಮುಗಿದ ಮೇಲೊಮ್ಮೆ, ಬೇಸಿಗೆ ರಜೆ ಮುಗಿದ ಮೇಲೊಮ್ಮೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರ ಊರು, ಹೆಸರು ಬದಲಾಗುತ್ತವೆ. ಬೀರು ಮತ್ತು ಆ ‘ಶುದ್ಧ’ ಎಂಬ ಪದ ಮಾತ್ರ ಹಾಗೆಯೇ ಇರುತ್ತವೆ. ಕಸೂತಿ ಕಲಿಸುವ ತರಗತಿಯಲ್ಲೂ ಹೊಸ ತಂಡ ಬಂದಾಗಲೆಲ್ಲ ಇದನ್ನೇ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಈ ಸಲ ಬರೆದೇ ಬಿಡುತ್ತೇನೆ. ಮುಂದೆ ಕೇಳಿದವರ ಕೈಗೆ ಇದನ್ನೇ ಕೊಡಬಹುದು.

ಬೀರುವಿನ ವಿಷಯ ಬೇಗ ಮುಗಿಯುತ್ತದೆ. ನೀವು ಹೊತ್ತು ತಂದದ್ದು ಇಡೀ ಉಡುಗೆ. ಜೈಪುರದ ಬಿಸಿಲಿನಲ್ಲಿ, ಆ ಗುಲಾಬಿ ಗೋಡೆಗಳ ಮುಂದೆ ಒಪ್ಪಿದ ಕನ್ನಡಿ ಕೆಲಸದ ಘಾಗ್ರಾ ಬೆಂಗಳೂರಿನ ಮೆಟ್ರೊದಲ್ಲಿ ನಾಟಕದ ವೇಷವಾಗುತ್ತದೆ. ಉಡುಗೆಯನ್ನು ಅಲ್ಲೇ ಬಿಟ್ಟು ಅದರೊಳಗಿನ ಒಂದು ಸಂಗತಿಯನ್ನು ತನ್ನಿ: ಎರಡು ಬಣ್ಣಗಳ ಜೋಡಿ, ಅಂಚಿನ ಅಗಲ, ಗೆರೆಗಳ ನಡುವಿನ ಅಂತರ. ಕೊಳ್ಳಲೇಬೇಕು ಎನ್ನಿಸಿದರೆ, ಮನೆಯಲ್ಲಿರುವ ಯಾವ ಮೂರು ಬಟ್ಟೆಗಳ ಜೊತೆ ಅದು ಹೊಂದುತ್ತದೆ ಎಂದು ಬೆರಳು ಮಡಚಿ ಎಣಿಸಿ. ಮೂರು ಸಿಗದಿದ್ದರೆ ಅಂಗಡಿಯಲ್ಲೇ ಇರಲಿ.

ಇನ್ನು ಆ ‘ಶುದ್ಧ’.

ಶುದ್ಧ ಎಂದರೆ ಯಾವುದು ಎಂದು ಕೇಳಿದಾಗ ಹೆಚ್ಚಿನವರು ತೋರಿಸುವುದು ಒಂದೇ ರೂಪ: ಮುಂದೆ ನೆರಿಗೆ, ಎಡ ಹೆಗಲಿಗೆ ಸೆರಗು, ಒಳಗೆ ಲಂಗ, ಮೇಲೆ ಮೈಗೊಪ್ಪುವ ರವಿಕೆ. ಸಾವಿರಾರು ವರ್ಷಗಳಿಂದ ನಮ್ಮ ಹೆಂಗಸರು ಹೀಗೆಯೇ ಉಟ್ಟಿದ್ದಾರಂತೆ. ಬೇಲೂರಿಗೆ ಹೋಗಿ ಬಂದವರೂ ಈ ಮಾತು ಹೇಳುತ್ತಾರಲ್ಲ, ಅದು ನನಗೆ ಸೋಜಿಗ. 1117ರಲ್ಲಿ ಪ್ರತಿಷ್ಠೆಯಾದ ಗುಡಿ ಅದು. ಕನ್ನಡಿ ಹಿಡಿದ ಮದನಿಕೆಯ ಕೆಳಗೆ ನಿಂತು ನೀವು ಫೋಟೊ ತೆಗೆಸಿಕೊಂಡಿರುತ್ತೀರಿ. ಆ ಫೋಟೊ ತೆಗೆದು ಸೆರಗು, ರವಿಕೆ ಎಲ್ಲಿವೆ ಎಂದು ಹುಡುಕಿ. ಸೊಂಟದ ಕೆಳಗೊಂದು ತೆಳು ಬಟ್ಟೆ, ಉಳಿದದ್ದೆಲ್ಲ ಒಡವೆ. ಅದು ಶಿಲ್ಪಿಯ ಕಲ್ಪನೆ ಎನ್ನುತ್ತೀರಾ? ಆಗಲಿ, ಕಲ್ಲು ಬಿಡಿ, ಅಜ್ಜಿಯರನ್ನು ನೆನೆಸಿಕೊಳ್ಳಿ. ಉತ್ತರ ಕರ್ನಾಟಕದ ಅಜ್ಜಿ ಕಚ್ಚೆ ಹಾಕಿ ಉಟ್ಟವಳು. ಆ ಸೀರೆಗೆ ಲಂಗವೇ ಬೇಕಿಲ್ಲ. ಕೊಡಗಿನಲ್ಲಿ ನೆರಿಗೆ ಬೆನ್ನ ಹಿಂದೆ, ಸೆರಗು ಬಲ ಹೆಗಲಿಗೆ. ಉತ್ತರ ಕನ್ನಡದ ಹಾಲಕ್ಕಿ ಅಜ್ಜಿಯರು ರವಿಕೆಯಿಲ್ಲದೆ, ಕೊರಳ ತುಂಬ ಮಣಿಸರ ಹಾಕಿ ಸೀರೆ ಸುತ್ತಿಕೊಂಡವರು. ಇವರಲ್ಲಿ ಯಾರನ್ನು ಸಂಪ್ರದಾಯದಿಂದ ಹೊರಗೆ ಹಾಕೋಣ?

ನೀವು ಶುದ್ಧ ಎನ್ನುವ ರೀತಿ ಹರಡಿದ ಕಥೆಯಲ್ಲಿ ಒಂದು ಪ್ರಯಾಣವೇ ಇದೆ. ಭಾರತೀಯರಲ್ಲಿ ಮೊದಲಿಗರಾಗಿ ಬ್ರಿಟಿಷರ ಆಡಳಿತ ಸೇವೆಯಾದ ಐಸಿಎಸ್ ಸೇರಿದ ಸತ್ಯೇಂದ್ರನಾಥ ಠಾಕೂರರು ರವೀಂದ್ರನಾಥರ ಅಣ್ಣ. ಅವರು 1864ರಲ್ಲಿ ಬೊಂಬಾಯಿ ಪ್ರಾಂತ್ಯಕ್ಕೆ ಕೆಲಸಕ್ಕೆ ಹೊರಟಾಗ ಪತ್ನಿ ಜ್ಞಾನದಾನಂದಿನಿ ದೇವಿ ಜೊತೆಗೆ ಹೊರಟರು. ಕಲ್ಕತ್ತೆಯ ಒಳಮನೆಯಲ್ಲಿ ಉಡುತ್ತಿದ್ದದ್ದು ಒಂದೇ ತೆಳು ಸೀರೆ. ಅದನ್ನು ಸುತ್ತಿಕೊಂಡು ನಾಲ್ಕು ಜನರ ಎದುರು ಹೋಗುವಂತಿರಲಿಲ್ಲ. ಬೊಂಬಾಯಿಯಲ್ಲಿ ಪಾರ್ಸಿ ಹೆಂಗಸರು ಉಡುವ ಬಗೆಯನ್ನು ಅವರು ನೋಡಿದರು. ಹಾಗೆಯೇ ನಕಲು ಮಾಡದೆ, ಬಲಗೈ ಬಿಡುವಾಗಿರಲೆಂದು ಸೆರಗನ್ನು ಎಡ ಹೆಗಲಿಗೆ ತಂದರು; ಜೊತೆಗೆ ರವಿಕೆ, ಒಳಲಂಗ. ಸುಧಾರಣೆಯ ಪಂಥವಾದ ಬ್ರಾಹ್ಮ ಸಮಾಜದ ಹೆಂಗಸರು ಇದನ್ನು ಒಪ್ಪಿಕೊಂಡ ಮೇಲೆ ಬಂಗಾಳದಲ್ಲಿ ಅದಕ್ಕೆ ‘ಬ್ರಾಹ್ಮಿಕಾ ಸೀರೆ’ ಎಂದೇ ಹೆಸರಾಯಿತು. ಹಾಗೆಂದು ಎಲ್ಲವನ್ನೂ ಅವರೊಬ್ಬರೇ ಕಂಡುಹಿಡಿದರು ಎಂಬ ಹೊಸ ಕಟ್ಟುಕಥೆ ಶುರು ಮಾಡಬೇಡಿ. ಮುಂದೆ ನೆರಿಗೆ ಹಿಡಿಯುವುದೂ ಕುಪ್ಪಸ ತೊಡುವುದೂ ದಖ್ಖನಿನಲ್ಲಿ ಮೊದಲೇ ಇದ್ದವು. ಅಲ್ಲೊಂದು ಇಲ್ಲೊಂದು ಇದ್ದವು ಒಟ್ಟುಗೂಡಿ ಎಲ್ಲರ ಉಡುಗೆಯಾದದ್ದು ಹೊಸದು, ಸುಮಾರು ನೂರೈವತ್ತು ವರ್ಷದ ಮಾತು.

ಕಲೆಯ ಪಾಲೂ ಇದೆ. ರಾಜಾ ರವಿವರ್ಮ 1880ರ ದಶಕದ ಕೊನೆಯಲ್ಲಿ ಬರೋಡದ ಅರಮನೆಗೆ ಪುರಾಣದ ಚಿತ್ರಗಳನ್ನು ಬರೆಯಬೇಕಾದಾಗ, ದೇವಿಯರಿಗೆ ಯಾವ ಉಡುಗೆ ತೊಡಿಸುವುದು ಎಂದು ತಮ್ಮನ ಜೊತೆ ಊರೂರು ಸುತ್ತಿದರು. ದೇಶಕ್ಕೆಲ್ಲ ಒಂದೇ ಆಗುವ ಉಡುಗೆ ಸಿಗಲಿಲ್ಲ. ಕೊನೆಗೆ ಸೀರೆಯನ್ನು ಆರಿಸಿಕೊಂಡರು. 1894ರಲ್ಲಿ ಅವರ ಅಚ್ಚುಕೂಟ ಶುರುವಾದ ಮೇಲೆ ಸೀರೆಯುಟ್ಟ ಲಕ್ಷ್ಮಿ, ಸರಸ್ವತಿಯರು ಪಡಸಾಲೆಯ ಗೋಡೆಗಳಿಗೆ ಬಂದರು. ನಾವು ಆ ಚಿತ್ರಕ್ಕೆ ಕೈಮುಗಿದು ಬೆಳೆದು, ಈಗ ಅದನ್ನೇ ಅನಾದಿ ಕಾಲದ್ದು ಎನ್ನುತ್ತಿದ್ದೇವೆ. ಮೈಸೂರಿಗೆ ಹೋದಾಗ ಜಗನ್ಮೋಹನ ಅರಮನೆಯಲ್ಲಿ ಅವರದೇ ಇನ್ನೊಂದು ಚಿತ್ರ ನೋಡಿ. ವಾದ್ಯ ಹಿಡಿದ ಹೆಂಗಸರ ಗುಂಪು. ಒಬ್ಬೊಬ್ಬಳದು ಒಂದೊಂದು ಪ್ರಾಂತ್ಯದ ಉಡುಗೆ. ಅಷ್ಟು ಬಗೆಗಳು ಒಂದೇ ಚೌಕಟ್ಟಿನಲ್ಲಿವೆ. ಅಲ್ಲಿಂದ ಹೊರಬಂದು ಮೈಸೂರು ರೇಷ್ಮೆ ಕೊಳ್ಳಲು ಹೋಗುತ್ತೀರಲ್ಲ, 1912ರಲ್ಲಿ ಆ ಕಾರ್ಖಾನೆ ಶುರುವಾದದ್ದು ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳಿಂದ.

ಗಂಡಸರು ನಗಬೇಕಿಲ್ಲ. ವಿಜಯನಗರದ ಆಸ್ಥಾನದಲ್ಲಿ ತೊಡುತ್ತಿದ್ದ ಎತ್ತರದ ಟೊಪ್ಪಿ ಕುಲ್ಲಾಯಿ, ಉದ್ದನೆಯ ನಿಲುವಂಗಿ ಕಬಾಯಿ ಎರಡೂ ಪಶ್ಚಿಮದ ಮುಸ್ಲಿಂ ಆಸ್ಥಾನಗಳ ಉಡುಗೆಯಿಂದ ಬಂದವು. ಕುಲ್ಲಾಯಿ ಪಾರಸಿ ಪದ, ಕಬಾಯಿ ಅರಬ್ಬಿ ಮೂಲದ್ದು. ತಿರುಮಲೆಯ ಗುಡಿಯಲ್ಲಿ ರಾಣಿಯರ ನಡುವೆ ಕೈಮುಗಿದು ನಿಂತ ಕೃಷ್ಣದೇವರಾಯನ ತಲೆಯ ಮೇಲೂ ಅದೇ ಕುಲ್ಲಾಯಿ. ಅದನ್ನು ತೊಟ್ಟು ದೇವರ ಮುಂದೆ ನಿಲ್ಲಲು ಅವನಿಗೆ ಸಂಕೋಚವಿರಲಿಲ್ಲ. ನಮ್ಮ ಕಡೆ ಕೂಸಿನ ತಲೆಗೆ ಕಟ್ಟುವ ಕುಲಾವಿಯೂ ಅದೇ ಪದದ ಮರಿ. ಇಷ್ಟಾದ ಮೇಲೂ ‘ಆದರೂ ಮೇಡಂ, ನಮ್ಮ ಶುದ್ಧ…’ ಎನ್ನುವವರು ಇರುತ್ತಾರೆ. ಅವರಿಗೆ ನಾನು ಚಹಾ ಕೊಟ್ಟು ಕಳುಹಿಸುತ್ತೇನೆ.

ನೋಡುವುದು ಹೇಗೆ ಎನ್ನುವುದಕ್ಕೆ ಒಂದು ಉದಾಹರಣೆ. ಬೆಂಗಳೂರಿನವರಿಗೆ ಲೇಪಾಕ್ಷಿಯ ಗುಡಿ ಒಂದೇ ದಿನದಲ್ಲಿ ಹೋಗಿಬರುವ ದಾರಿ. ಹೋದವರೆಲ್ಲ ತೂಗುವ ಕಂಬದ ಸುತ್ತ ಮುತ್ತಿಕೊಂಡು ಅದರಡಿಯಲ್ಲಿ ದುಪ್ಪಟ್ಟಾ ತೂರಿಸಿ ಎಳೆಯುತ್ತಾರೆ. ಬಟ್ಟೆಯ ಪಾಠವಿರುವುದು ನೆಲದಲ್ಲಲ್ಲ, ತಲೆಯ ಮೇಲೆ. ಚಾವಣಿಯಲ್ಲಿ ಹದಿನಾರನೆಯ ಶತಮಾನದ ಚಿತ್ರಗಳಿವೆ. ಗುಡಿ ಕಟ್ಟಿಸಿದ ವಿರೂಪಣ್ಣ, ವೀರಣ್ಣ ಅಣ್ಣತಮ್ಮಂದಿರೂ ಕುಲ್ಲಾಯಿ ಹಾಕಿಕೊಂಡು ಅಲ್ಲಿದ್ದಾರೆ. ಹೆಂಗಸರ ಸೀರೆಗಳನ್ನು ನೋಡಿ. ಪಟ್ಟೆ, ಚೌಕುಳಿ, ಚಿಕ್ಕ ಹೂ, ಒಂದರಂತೆ ಇನ್ನೊಂದಿಲ್ಲ. ಮಾಸಿದ ಕೆಂಪು, ಕಾವಿ, ಮಣ್ಣಿನ ಹಳದಿ, ಕಪ್ಪು ಗೆರೆ. ಅಷ್ಟರಲ್ಲೇ ಎಲ್ಲ ಮುಗಿದಿದೆ. ಆ ನಾಲ್ಕು ಬಣ್ಣಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದು, ಕಾವಿ ಬಣ್ಣದ ಹತ್ತಿ ಕುರ್ತಾಗೆ ಸಣ್ಣ ಕಪ್ಪು ಅಂಚು ಕೊಡಿಸಿ. ಲೇಪಾಕ್ಷಿ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ.

ನನ್ನ ವಿದ್ಯಾರ್ಥಿನಿಯೊಬ್ಬಳು ಹಂಪಿಯ ಕಲ್ಲಿನ ರಥದ ಫೋಟೊ ತಂದು, ಕುರ್ತಾದ ಎದೆಯ ಮೇಲೆ ಇಡೀ ರಥ ಬೇಕು ಎಂದು ಹಟ ಹಿಡಿದಳು. ಬಸ್ ನಿಲ್ದಾಣದ ಫಲಕದಂತೆ ಕಾಣುತ್ತೀಯ ಎಂದೆ. ಮುನಿಸಿಕೊಂಡಳು. ಆಮೇಲೆ ಬರೀ ಚಕ್ರ ತೆಗೆದುಕೊಂಡು ಚೌಕುಳಿ ಗೆರೆಯ ಎಣಿಕೆಯ ಕಾಗದದ ಮೇಲೆ ಬರೆಯಲು ಕುಳಿತಾಗ ತೊಡಕು ಗೊತ್ತಾಯಿತು. ಕಸೂತಿಯಲ್ಲಿ ಎಳೆ ಎಣಿಸಿಯೇ ಹೊಲಿಯಬೇಕು; ಸೂಜಿ ಅಡ್ಡ ಹೋಗುತ್ತದೆ, ಉದ್ದ ಹೋಗುತ್ತದೆ, ಓರೆ ಹೋಗುತ್ತದೆ, ದುಂಡಗೆ ತಿರುಗುವುದಿಲ್ಲ. ನಾಲ್ಕು ಸಂಜೆ ಬಿಚ್ಚಿ ಹೊಲಿದ ಮೇಲೆ ಅವಳ ಚಕ್ರ ಎಂಟು ಮೂಲೆಯ ಹೂವಾಯಿತು. ಹಂಪಿಯಲ್ಲಿ ಅಂಥದ್ದಿಲ್ಲ, ಅವಳ ತೋಳಿನ ತುದಿಯಲ್ಲಿ ಮಾತ್ರ ಇದೆ. ಹಳೆಯ ಇಳಕಲ್ ಸೀರೆಯ ಮೇಲಿನ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಆನೆ ಹುಟ್ಟಿದ್ದೂ ಹೀಗೆಯೇ. ಜಾತ್ರೆಯಲ್ಲಿ ಕಂಡ ತೇರನ್ನು ಧಾರವಾಡ ಸೀಮೆಯ ಹೆಂಗಸರು ಎಳೆಯ ಲೆಕ್ಕಕ್ಕೆ ಇಳಿಸಿದರು.

ಕಸೂತಿಯ ಮಾತು ಬಂತಲ್ಲ, ನೀವು ಕೇಳದಿದ್ದರೂ ಒಂದು ಹೇಳಿಬಿಡುತ್ತೇನೆ. ‘ಎರಡೂ ಕಡೆ ಒಂದೇ ರೀತಿ ಇದ್ದರೆ ಮಾತ್ರ ಕೈಕೆಲಸ’ ಎಂದು ಯಾರೋ ಹೇಳಿದ್ದನ್ನು ನಂಬಿ, ಒಳ್ಳೆಯ ಸೀರೆಯನ್ನು ತಿರಸ್ಕರಿಸಿ ಬಂದವರಿದ್ದಾರೆ. ಗವಂತಿ, ಮುರಗಿ ಹೊಲಿಗೆಗಳಲ್ಲಿ ಎರಡೂ ಕಡೆ ಒಂದೇ ಎನ್ನುವುದು ಸರಿ. ಗವಂತಿಯಲ್ಲಿ ಸೂಜಿ ಒಮ್ಮೆ ಹೋಗಿ, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ಮರಳಿ ಬರುತ್ತದೆ. ನೇಯ್ಗೆ, ಮೆಂತೆ ಹೊಲಿಗೆಗಳಲ್ಲಿ ಹಿಂಬದಿ ಬೇರೆಯಾಗಿಯೇ ಕಾಣುತ್ತದೆ, ಅದು ದೋಷವಲ್ಲ. ಹಿಂಬದಿಯಲ್ಲಿ ನೋಡಬೇಕಾದದ್ದು ಬೇರೆ: ಮುಂದೆ ಕೆಂಪು, ಹಸಿರು ಇದ್ದರೂ ಹಿಂದೆ ಉದ್ದಕ್ಕೂ ಬಿಳಿ ದಾರ ಓಡಿದೆಯೇ, ಕಾಗದದಂಥ ಪದರ ಅಂಟಿಕೊಂಡಿದೆಯೇ? ಇದ್ದರೆ ಅದು ಯಂತ್ರದ್ದು. ಆದ್ದರಿಂದ ಸೆರಗು ನೋಡಿದ ಮೇಲೆ ಮಗುಚಿ ತೋರಿಸಿ ಎಂದು ಕೇಳಿ. ಅಂಗಡಿಯವರು ಮಡಿಕೆ ಬಿಚ್ಚದೆ ಬೆಲೆ ಇಳಿಸತೊಡಗಿದರೆ, ಹಿಂಬದಿ ನೋಡುವ ಕೆಲಸವೇ ತಪ್ಪಿತು.